ಮೂರನೇ ಜ್ವರ

ನಾನು ನಿಂತಿದ್ದದ್ದು ಮರಳವಾಡಿಯಿಂದ ಪಡುವಲಿಗೆ ಒಂದು ಹರಿದಾರಿ ದೂರದ ಹಳ್ಳಿಯಲ್ಲಿ, ಬಾವಿಯಿಂದ ಎಣಿಸಿದರೆ ಮೂರನೆಯ ಮನೆಯ ಮುಂದೆ. ಬಾಗಿಲಿನ ಎಡಕ್ಕೆ, ಜಗುಲಿಯ ಕೆಳಗೆ, ಗೋಡೆಯಿಂದ ನಾಲ್ಕು ಅಡಿ ಈಚೆಗೆ. ಪ್ಲೇಗು ನಮ್ಮ ಸೀಮೆಗೆ ಎರಡನೆಯ ಸಲ ಬಂದ ವರ್ಷ ಅದು. ಕಾರ್ತಿಕದ ಕೊನೆಯ ಮಂಗಳವಾರ. ನನ್ನ ಹತ್ತಿರ ಗಡಿಯಾರವಿರಲಿಲ್ಲ. ಮನೆ ಮೂಡಲಿಗೆ ಮುಖ ಮಾಡಿತ್ತು, ಸೂರಿನ ನೆರಳು ಜಗುಲಿ ದಾಟಿ ನನ್ನ ಪಾದದ ಮೇಲೆ ಬಿದ್ದಿತ್ತು. ಆದ್ದರಿಂದ ಮಧ್ಯಾಹ್ನ ಕಳೆದು ಒಂದೂವರೆ ಗಂಟೆಯಾದರೂ ಆಗಿರಬೇಕು.

ಇಷ್ಟು ಗೊತ್ತುಮಾಡಿ ಬರೆಯುವುದಕ್ಕೆ ಕಾರಣವಿದೆ. ಚನ್ನಪಟ್ಟಣದಲ್ಲಿ ನಮ್ಮ ಮನೆಯವರು ಈ ಸಂಗತಿಯನ್ನು ಬೇರೆ ರೀತಿಯಲ್ಲಿ ಹೇಳುತ್ತಾರೆ. ಒಳಗೆ ಪ್ಲೇಗು ಇದೆಯೆಂದು ತಿಳಿದೂ ಒಬ್ಬ ಹೆಂಗಸನ್ನು ಉಳಿಸಲು ಆ ಮನೆಗೆ ನುಗ್ಗಿದೆನಂತೆ. ತಂಗಿಯ ಮೊಮ್ಮಕ್ಕಳು ಅದನ್ನು ನನ್ನ ಎದುರಿಗೇ ಹೇಳಿ ನನ್ನ ಮುಖ ನೋಡುತ್ತಾರೆ. ಅದು ಸುಳ್ಳು. ಒಳಗೆ ಒಬ್ಬ ಹೆಂಗಸು ಸಾವು ಬದುಕಿನ ನಡುವೆ ಇದ್ದದ್ದು ನಿಜ. ಆದರೆ ಅದು ನನಗೆ ಗೊತ್ತಿರಲಿಲ್ಲ. ಗೊತ್ತಾದ ಕೂಡಲೇ ನಾನು ಓಡಿದೆ.

ಗೊತ್ತಾಗದೆ ಹೋದದ್ದು ಒಂದು ಮಾತಿನಿಂದ. ನಮ್ಮದು ರೇಷ್ಮೆಯ ಮನೆತನ. ಹಳ್ಳಿಗಳಲ್ಲಿ ಗೂಡು ಕೊಂಡು ಪೇಟೆಯ ಮುಸಲ್ಮಾನರ ಮನೆಗಳಿಗೆ ನೂಲು ಬಿಚ್ಚಲು ಕೊಡುತ್ತಿದ್ದೆವು. ರೇಷ್ಮೆ ಹುಳು ಮೊಟ್ಟೆಯಿಂದ ಹೊರಬಂದು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆಯೆತ್ತಿ, ಒಂದು ಹಗಲು ಒಂದು ರಾತ್ರಿ ಅಲುಗದೆ ಕೂತು ಪೊರೆ ಬಿಡುತ್ತದೆ. ಇದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಹುಳು ಜ್ವರಕ್ಕೆ ಕೂತಿತು, ಜ್ವರದಿಂದ ಎದ್ದಿತು ಎನ್ನುವುದು ನಾನು ತೊಟ್ಟಿಲಿನಿಂದ ಕೇಳಿದ ಮಾತು. ಆಗ ಹೊರಗಿನವರನ್ನು ಮನೆಯೊಳಗೆ ಸೇರಿಸುವುದಿಲ್ಲ. ಬಾಗಿಲಲ್ಲೇ ‘ಜ್ವರ’ ಎಂದುಬಿಟ್ಟರೆ ಬಂದವನು ಜಗುಲಿಯಿಂದಲೇ ಮಾತಾಡಿ ಹೋಗುತ್ತಾನೆ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ನಾನು ಮನೆ ಬಿಟ್ಟು ಹೊರಟದ್ದು ಏಕೆಂದೂ ಹೇಳಬೇಕು. ದೊಡ್ಡಮಳೂರಿನ ನನ್ನ ಸೋದರಮಾವನ ಮಗಳನ್ನು ನನಗೆ ತರುವುದೆಂದು ಅವಳು ಅಂಬೆಗಾಲಿಡುವಾಗಲೇ ಮಾತಾಗಿತ್ತು. ಅದಕ್ಕೆ ಹಿಂದಿನ ಮಾಘದಲ್ಲಿ ತಾಂಬೂಲ ಬದಲಾಯಿಸಿಕೊಳ್ಳಲು ಹೋದೆವು. ಎಲೆ ಅಡಿಕೆಯ ತಟ್ಟೆ ನಡುವೆ ಇತ್ತು. ಆಗ ನಮ್ಮಪ್ಪ, ಹೊಳೆ ಪಕ್ಕದ ಹಿಪ್ಪುನೇರಳೆ ತೋಟವನ್ನೂ ಹೆಣ್ಣಿನ ಜೊತೆಗೆ ಬರೆದುಕೊಡಬೇಕೆಂದರು. ಮಾವನಿಗೆ ಇದ್ದದ್ದು ಅದೊಂದೇ ತೋಟ. ನಮಗೆ ಅಂಥವು ಮೂರು ಇದ್ದವು. ನಾನು ಕಂಬಕ್ಕೆ ಒರಗಿ ಕೂತಿದ್ದೆ. ಅಡುಗೆಮನೆಯ ಬಾಗಿಲ ಹಿಂದೆ ಬಳೆಯ ಸದ್ದಾಗಿ ನಿಂತುಹೋಯಿತು. ಅವಳು ಅಲ್ಲಿದ್ದಳು. ನಾನೊಂದು ಮಾತು ಹೇಳುತ್ತೇನೆಂದು ಕಾಯುತ್ತಿದ್ದಳು. ಅಪ್ಪನ ಮುಂದೆ ಬಾಯಿ ತೆರೆಯುವುದಕ್ಕೆ ನನಗೆ ಹೆದರಿಕೆ. ಮಾವ ತಟ್ಟೆಯನ್ನು ಒಂದು ಬೆರಳಿನಿಂದ ಪಕ್ಕಕ್ಕೆ ಸರಿಸಿದರು. ವೈಶಾಖದಲ್ಲಿ ಅವಳನ್ನು ಮಾಗಡಿ ಕಡೆಯ ಕಲ್ಯವೆಂಬ ಊರಿಗೆ ಕೊಟ್ಟರು.

ಆಮೇಲೆ ನನಗೆ ಆ ಮನೆಯಲ್ಲಿ ಅನ್ನ ಸೇರಲಿಲ್ಲ. ದೀಪಾವಳಿ ಕಳೆದ ಮೇಲೆ, ಗೂಡು ನೋಡಿಕೊಂಡು ಬರುತ್ತೇನೆಂದು ಅಪ್ಪನಿಗೆ ಹೇಳಿ ಹೊರಟೆ. ನಿಜವಾಗಿ ನಾನು ಹೊರಟದ್ದು ಕಲ್ಯಕ್ಕೆ. ಅವಳ ಮನೆಯ ಮುಂದೆ ಒಂದು ಸಲ ನಿಲ್ಲಬೇಕು, ಅಷ್ಟೆ. ಆಮೇಲೆ ಏನೆಂದು ಯೋಚಿಸಿರಲಿಲ್ಲ. ನೇರವಾಗಿ ಹೋಗುವ ಧೈರ್ಯವಿಲ್ಲದೆ ಸುತ್ತು ದಾರಿ ಹಿಡಿದೆ. ಈಗ ಕನಕಪುರವೆನ್ನುವ ಕಾನಕಾನಹಳ್ಳಿ, ಅಲ್ಲಿಂದ ಮರಳವಾಡಿ, ಅಲ್ಲಿಂದ ಈಗ ರಾಮನಗರವೆನ್ನುವ ಕ್ಲೋಸ್‌ಪೇಟೆ, ಆಮೇಲೆ ಮಾಗಡಿ. ರೈಲು ಹತ್ತುವವರನ್ನು ಸ್ಟೇಷನ್ನಿನಲ್ಲಿ ನಿಲ್ಲಿಸಿ, ಪ್ಲೇಗಿನ ಗಡ್ಡೆ ಇದೆಯೇ ಎಂದು ಕಂಕುಳು ಮುಟ್ಟಿ ನೋಡುತ್ತಿದ್ದರು. ಎಲ್ಲಿಗೆ ಹೋಗುತ್ತೀ, ಏಕೆ ಎಂದು ಕೇಳಿದರೆ ಹೇಳಲು ನನ್ನ ಹತ್ತಿರ ಉತ್ತರವಿರಲಿಲ್ಲ. ಹಾಗಾಗಿ ನಡೆದೆ.

ನಡೆದ ಮೂರು ದಿನವೂ ಹೆದರಿಕೆ ನನ್ನ ಜೊತೆಯಲ್ಲೇ ಇತ್ತು. ಕಾನಕಾನಹಳ್ಳಿಗೆ ಮುಂಚೆ ಎರಡು ಊರಿನ ಬಾಯಿಗೆ ಮುಳ್ಳು ಎಳೆದಿದ್ದರು. ಮುಳ್ಳು ಎಳೆದಿದ್ದರೆ ಜನ ಊರು ಬಿಟ್ಟು ಹೊಲದಲ್ಲಿ ಜೋಪಡಿ ಹಾಕಿದ್ದಾರೆಂದು ಅರ್ಥ. ದೂರದಿಂದ ಜೋಪಡಿಗಳ ಹೊಗೆ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಒಂದು ಕಡೆ ಹೆಂಚು ಇಳಿಸಿ ಬೋಳು ಮಾಡಿದ್ದ ಮನೆಯೊಳಗೆ ಬಿಸಿಲು ಬಿದ್ದು, ಒಲೆಯ ಮೇಲೆ ಮಡಕೆ ಹಾಗೇ ಇತ್ತು. ಮಾಡು ತೆಗೆದರೆ ಬಿಸಿಲಿಗೆ ರೋಗ ಸಾಯುತ್ತದೆಂದು ಸರ್ಕಾರದವರು ಹಾಗೆ ಮಾಡುತ್ತಿದ್ದರು. ನಾನು ಯಾವ ಊರಿಗೂ ನೋಡದೆ ಕಾಲಿಡುತ್ತಿರಲಿಲ್ಲ. ಮುಳ್ಳು ಇದೆಯೇ, ಇಲಿ ಸತ್ತು ಬಿದ್ದಿವೆಯೇ, ಹೆಂಚು ಇದೆಯೇ ಎಂದು ನೋಡಿ, ಬಾವಿ ಹತ್ತಿರ ಹೆಂಗಸರು ನೀರು ಸೇದುತ್ತಿದ್ದರೆ ಮಾತ್ರ ಒಳಗೆ ಹೋಗುತ್ತಿದ್ದೆ.

ಆ ಮಂಗಳವಾರದ ಹಳ್ಳಿಯಲ್ಲಿ ಮುಳ್ಳಿರಲಿಲ್ಲ. ಬಾವಿಯಲ್ಲಿ ಹೆಂಗಸರಿದ್ದರು. ಬೀದಿಯಲ್ಲಿ ಮಕ್ಕಳಿದ್ದವು. ಮೂರನೆಯ ಮನೆಗೆ ಎದುರಿನ ಮನೆಯ ಜಗುಲಿಯಲ್ಲಿ ನನ್ನ ವಯಸ್ಸಿನವನೊಬ್ಬ ಬಿದಿರು ಸೀಳಿ ಮಂಕರಿ ಬುಟ್ಟಿ ಹೆಣೆಯುತ್ತಿದ್ದ. ನನಗೆ ಬಾಯಾರಿತ್ತು. ಮೂರನೆಯ ಮನೆಯ ಗೋಡೆಗೆ ಹುಳು ಸಾಕುವ ಬಿದಿರು ತಟ್ಟೆ ಒರಗಿಸಿದ್ದರು. ಅದು ನಮ್ಮ ಕಸುಬಿನ ಮನೆ, ನೀರು ಕೇಳಬಹುದು ಎಂದುಕೊಂಡು ಹೋದೆ.

ಬಾಗಿಲು ತಟ್ಟುವ ಮುಂಚೆಯೇ ಒಬ್ಬ ಮುದುಕಿ ಅದನ್ನು ಒಂದು ಗೇಣು ತೆರೆದು ಅಡ್ಡ ನಿಂತಳು.

“ಜ್ವರ ಕಣಪ್ಪ,” ಎಂದಳು. “ಇವತ್ತಿಗೆ ಮೂರು.”

“ಮೂರನೇದಾ? ಯಾವಾಗ್ಲಿಂದ ಅಜ್ಜಿ?”

“ಭಾನ್ವಾರ ಹೊತ್ತು ಮುಳುಗ್ದಾಗ್ಲಿಂದ. ಏನೂ ಮುಟ್ಟಿಲ್ಲ ಅದು.”

ನಮ್ಮ ಕಡೆ ಹಳ್ಳಿಯವರು ಹುಳುವನ್ನೂ ಅದು ಎನ್ನುತ್ತಾರೆ, ಮನೆಯ ಮಗಳನ್ನೂ ಸೊಸೆಯನ್ನೂ ಅದು ಎನ್ನುತ್ತಾರೆ. ನಾನು ಕೇಳಿಸಿಕೊಂಡದ್ದು ಹುಳುವನ್ನು. ಭಾನುವಾರದಿಂದ ಎಂದರೆ ಮೂರನೇ ಜ್ವರಕ್ಕೆ ಒಸಿ ಹೆಚ್ಚೇ ಆಯಿತು, ಆದರೆ ಕಾರ್ತಿಕದ ಚಳಿಗೆ ಹಾಗೆ ಎಳೆಯುವುದುಂಟು ಎಂದು ಸಮಾಧಾನ ಮಾಡಿಕೊಂಡೆ.

“ಏಳೋ ಹೊತ್ತಾಯ್ತಲ್ಲ,” ಎಂದೆ.

“ಏಳೋದು ಬುಡೋದು ಆ ತಾಯಿ ಕೈಲೈತೆ.”

ನಾನು ನಕ್ಕೆ. ಬರೆಯುವಾಗ ಕೈ ನಿಲ್ಲುತ್ತದೆ, ಆದರೆ ನಕ್ಕದ್ದು ನಿಜ. ಎದ್ದೇ ಏಳ್ತದೆ ಬುಡಜ್ಜಿ, ಬೆಚ್ಚಗಿಟ್ರೆ ಸಾಕು ಎಂದೆ. ಮುದುಕಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

“ನಗ್ತಾ ಇದೀಯಲ್ಲಪ್ಪ ನೀನು,” ಎಂದಷ್ಟೇ ಹೇಳಿ ನೀರು ತರಲು ಒಳಗೆ ಹೋದಳು. ಬಾಗಿಲು ಒಂದು ಗೇಣು ತೆರೆದೇ ಇತ್ತು.

ಆಗ ನಾನು ಹೆಗಲ ಚೀಲವನ್ನು ಜಗುಲಿಯ ಮೇಲಿಟ್ಟು ಇಳಿದು, ಮೊದಲು ಹೇಳಿದೆನಲ್ಲ, ಆ ಜಾಗದಲ್ಲಿ ನಿಂತೆ. ಒಳಗಿನಿಂದ ಬೇವಿನ ಹೊಗೆ ಬರುತ್ತಿತ್ತು. ಹುಳುವಿನ ಮನೆಯಲ್ಲಿ ಬೀಡಿ ಸೇದಲೂ ಬಿಡುವುದಿಲ್ಲ, ಹೊಗೆ ಹುಳುವಿಗೆ ವಿಷ. ಇದು ನನಗೆ ಗೊತ್ತಿತ್ತು. ಹೊಗೆಯನ್ನು ಮೂಗು ಹಿಡಿದಿತ್ತು. ಆದರೂ ನಾನು ಅದನ್ನು ಮನಸ್ಸಿಗೆ ತೆಗೆದುಕೊಳ್ಳಲಿಲ್ಲ. ಕಣ್ಣು ಮುಳ್ಳು, ಇಲಿ, ಹೆಂಚುಗಳನ್ನು ಹುಡುಕುವುದರಲ್ಲಿದ್ದರೆ ಮಿಕ್ಕದ್ದು ಕಾಣುವುದಿಲ್ಲ.

ಆಮೇಲೆ ಹುಳು ಕಂಡಿತು. ಹೊಸ್ತಿಲ ಮೇಲಿನಿಂದ ಇಳಿದು ಜಗುಲಿಯ ಮೇಲೆ ಬರುತ್ತಿತ್ತು. ಒಂದೇ. ಕಿರುಬೆರಳಿನ ಎರಡು ಗೆಣ್ಣಿನಷ್ಟು ಉದ್ದ, ಬೆಳ್ಳಗೆ, ತಲೆಯನ್ನು ಅತ್ತ ಇತ್ತ ಆಡಿಸಿ ಸೊಪ್ಪು ಹುಡುಕುತ್ತ ಬರುತ್ತಿತ್ತು. ಅದರ ಹಿಂದೆ ಇನ್ನೊಂದು. ನಾನು ಬಗ್ಗಿ ನೋಡಿದೆ.

ಜ್ವರಕ್ಕೆ ಕೂತ ಹುಳು ನಡೆಯುವುದಿಲ್ಲ. ಅದಲ್ಲದೆ ಈ ಹುಳುವಿನ ಅಳತೆ, ಬಣ್ಣ, ತಲೆಯ ದಪ್ಪ ಎಲ್ಲವೂ ಮೂರನೇ ಜ್ವರದಿಂದ ಎದ್ದು ಎರಡು ದಿನವಾದ ಹುಳುವಿನದು. ಹುಳುಗಳು ಎದ್ದಿವೆ, ಹಸಿದಿವೆ, ಅವಕ್ಕೆ ಯಾರೂ ಸೊಪ್ಪು ಹಾಕಿಲ್ಲ. ಸಾಕುವ ಮನೆಯಲ್ಲಿ ಹುಳುವನ್ನು ಹಸಿದಿರಲು ಬಿಡುವವರಿಲ್ಲ. ಹಾಗಾದರೆ ಭಾನುವಾರದಿಂದ ಜ್ವರ ಯಾರಿಗೆ?

ಒಳಗಿನಿಂದ ಒಂದು ನರಳಿಕೆ ಕೇಳಿತು. ಹೆಣ್ಣಿನ ದನಿ. ಜೋರಾಗಿ ಇರಲಿಲ್ಲ.

ನಾನು ಓಡಿದೆ. ಮುದುಕಿ ನೀರಿನ ಚೆಂಬು ಹಿಡಿದು ಹೊಸ್ತಿಲಿಗೆ ಬಂದಿದ್ದಳು, ಅವಳ ಮುಖ ನೋಡಿಯೂ ಓಡಿದೆ. ಹೆಗಲ ಚೀಲ ಜಗುಲಿಯ ಮೇಲೆಯೇ ಉಳಿಯಿತು. ಬೀದಿ ದಾಟಿ, ಬಾವಿ ದಾಟಿ, ಊರಂಚಿನ ತೋಟದ ಬೇಲಿಯವರೆಗೆ ಓಡಿ ಅಲ್ಲಿ ಉಸಿರಿಲ್ಲದೆ ಕೂತೆ. ಅಂಗಿ ಬಿಚ್ಚಿ ಕಂಕುಳು ಮುಟ್ಟಿ ನೋಡಿಕೊಂಡೆ. ಆ ಮನೆಯ ಮುಂದೆ ನಿಂತು ಕಾಲು ಗಂಟೆಯೂ ಆಗಿರಲಿಲ್ಲ, ಗಡ್ಡೆ ಏಳುವುದೆಲ್ಲಿಂದ? ಆದರೂ ಎರಡೂ ಕಂಕುಳು, ತೊಡೆಯ ಸಂದು, ಕತ್ತು ಎಲ್ಲವನ್ನೂ ಒತ್ತಿ ಒತ್ತಿ ನೋಡಿದೆ.

ನಾನು ಕೂತದ್ದು ಹಿಪ್ಪುನೇರಳೆ ತೋಟದಲ್ಲಿ. ಸೊಪ್ಪು ಬೆಳೆದು ನಿಂತಿತ್ತು. ಮೂರು ದಿನದಿಂದ ಯಾರೂ ಕುಯ್ದಿಲ್ಲವೆಂದು ಕಡ್ಡಿಯ ತುದಿ ನೋಡಿದರೆ ತಿಳಿಯುತ್ತಿತ್ತು. ಆ ಮನೆಯದೇ ತೋಟವೆಂದು ಯಾರೂ ಹೇಳಬೇಕಾಗಿರಲಿಲ್ಲ. ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಎದ್ದಾಗ ನನ್ನ ಕೈ ಸೊಪ್ಪು ಕೀಳುತ್ತಿತ್ತು. ಇದನ್ನು ನಾನು ದೊಡ್ಡ ಮಾತಾಗಿ ಹೇಳುತ್ತಿಲ್ಲ. ಒಳಗೆ ನರಳುತ್ತಿದ್ದವಳಿಗಾಗಿ ಹಿಂತಿರುಗುವ ಧೈರ್ಯ ನನ್ನಲ್ಲಿರಲಿಲ್ಲ. ಹಸಿದ ಹುಳು ತಟ್ಟೆ ಬಿಟ್ಟು ಹೊರಗೆ ನಡೆಯುವುದನ್ನು ನೋಡಿಕೊಂಡಿರಲು ನಮ್ಮ ಕಸುಬಿನವರಿಗೆ ಆಗುವುದಿಲ್ಲ, ಅಷ್ಟೇ. ಸೊಪ್ಪನ್ನು ಹೆಗಲ ವಸ್ತ್ರದಲ್ಲಿ ಕಟ್ಟಿ ಹೊತ್ತು, ಬಾಗಿಲಲ್ಲಿ ಇಳಿಸಿ, ಚೀಲ ಎತ್ತಿಕೊಂಡು ಹೊರಟುಬಿಡುವುದೆಂದು ನಿಶ್ಚಯಿಸಿ ಬಂದೆ.

ಎದುರು ಜಗುಲಿಯ ಮಂಕರಿಯವನು ನನ್ನನ್ನು ನೋಡಿ ನಕ್ಕ.

“ಏನ್ಲಾ, ಆಗ ಹುಲಿ ಕಂಡಂಗೆ ಓಡ್ದೆ, ಈಗ ಸೊಪ್ಪು ಹೊತ್ಕೊಂಡು ಬತ್ತಾ ಇದೀಯ. ಮುದ್ಕಿ ಮನ್ಗೆ ಆಳಾಗಿ ಸೇರ್ಕೊಂಡ್ಯಾ?”

ಅವನ ಪಕ್ಕದಲ್ಲಿ ಎರಡು ಮಕ್ಕಳು ಬಿದಿರಿನ ಸೀಳು ಹಿಡಿದು ಆಡುತ್ತಿದ್ದವು. ಬಾಗಿಲಿಂದ ಅವಕ್ಕೆ ಹತ್ತು ಹೆಜ್ಜೆ.

ಸೊಪ್ಪು ಇಳಿಸಿದೆ. ಮುದುಕಿ ಬಾಗಿಲ ಸಂದಿಯಲ್ಲಿ ನಿಂತು, ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದಳು. ಒಳಗಿರುವುದು ಸೊಸೆ. ತೊಡೆಯ ಸಂದಿಗೆ ಗಡ್ಡೆ ಎದ್ದಿದೆ. ಮಗ ಇಲ್ಲ. ಪ್ಲೇಗು ಮೊದಲ ಸಲ ಬಂದಾಗ ಅವನಿಗೆ ಜ್ವರವೆಂದು ಊರಿನವರು ಸರ್ಕಾರದವರಿಗೆ ತಿಳಿಸಿ, ರೋಗದವರನ್ನು ಬೇರೆ ಇಡುವ ಕೆರೆಯಾಚೆಯ ಶೆಡ್ಡಿಗೆ ಒಯ್ದರು. ತಾನೇ ನಡೆದುಕೊಂಡು ಹೋದ, ಬರಲಿಲ್ಲ. ಈ ಸಲ ಅವಳು ಯಾರಿಗೂ ಹೇಳಲಿಲ್ಲ. ಸುಳ್ಳನ್ನೂ ಹೇಳಲಿಲ್ಲ. ಕೇಳಿದವರಿಗೆಲ್ಲ ಜ್ವರ ಎಂದಳು. ಹುಳದ ಮನೆಯಲ್ಲವೇ, ಕೇಳಿದವರು ತಲೆಯಾಡಿಸಿ ದೂರ ಹೋದರು. ಬಾಗಿಲು ಹಾಕಿಕೊಂಡಿದ್ದರೂ ಯಾರೂ ಏಕೆಂದು ಕೇಳಲಿಲ್ಲ.

“ಅವ್ರು ಹುಳಕ್ಕೆ ಅಂದ್ಕೊಂಡ್ರೆ ನಾನೇನಪ್ಪ ಮಾಡ್ಲಿ,” ಎಂದಳು. “ನೀನೂ ಅಂಗೇ ಅಂದ್ಕೊಂಡು ವೋಗ್ಬುಡು.”

ಆಗ ಒಳಗಿನವಳು ಮಾತಾಡಿದಳು. ನಾನು ಅವಳ ಮುಖ ಕಂಡಿರಲಿಲ್ಲ. ದನಿ ಒಣಗಿತ್ತು, ಪದಗಳ ನಡುವೆ ಬಹಳ ಹೊತ್ತು ಹಿಡಿಯುತ್ತಿತ್ತು. ಮೊದಲು ಹುಳಕ್ಕೆ ಸೊಪ್ಪು ಹಾಕಿದಿರಾ ಎಂದು ಅತ್ತೆಯನ್ನು ಕೇಳಿದಳು. ಆಮೇಲೆ, “ಆ ಅಣ್ಣನ್ಗೆ ಹೇಳು ಅತ್ತೆ,” ಎಂದಳು. “ನನ್ನನ್ನ ತ್ವಾಟಕ್ಕೆ ಎತ್ಕೊಂಡೋಗಿ ಮಲಗಿಸ್ಲಿ. ಎದ್ರು ಮನೇಲಿ ಮಕ್ಳವೆ. ಅವರ್ಗೆ ಹೇಳ್ಬುಡ್ಲಿ.”

ಮುದುಕಿ ಎರಡೂ ಕೈಯಿಂದ ನನ್ನ ಮುಂಗೈ ಹಿಡಿದುಕೊಂಡಳು. ಹೇಳಬೇಡವೆಂದು ಬಾಯಿಬಿಟ್ಟು ಹೇಳಲಿಲ್ಲ. ಹಿಡಿತದಲ್ಲೇ ಹೇಳಿದಳು. ಹೇಳಿದರೆ ಸೊಸೆ ಶೆಡ್ಡಿಗೆ ಹೋಗುತ್ತಾಳೆ, ಮಗನ ಹಾಗೆ. ಹೇಳದಿದ್ದರೆ ಎದುರಿನ ಮಕ್ಕಳು. ನನ್ನನ್ನು ಅವಳು ಮುಟ್ಟಿದ್ದು ರೋಗದ ಕೈಯಿಂದ ಎನ್ನುವುದೂ ಅದೇ ಹೊತ್ತಿನಲ್ಲಿ ನನ್ನ ತಲೆಯಲ್ಲಿತ್ತು. ಕೈ ಕಿತ್ತುಕೊಂಡು ಹೊರಡುವುದಕ್ಕೆ ಒಂದು ಕ್ಷಣ ಸಾಕಿತ್ತು. ನನ್ನ ಪಾದ ಆಗಲೇ ದಾರಿಯ ಕಡೆಗೆ ತಿರುಗಿತ್ತು, ಅದು ಚೆನ್ನಾಗಿ ನೆನಪಿದೆ. ಬಾಗಿಲ ಹಿಂದೆ ಮತ್ತೆ ಒಬ್ಬ ಹೆಂಗಸು ನನ್ನ ಮಾತಿಗೆ ಕಾಯುತ್ತಿದ್ದಳು. ದೊಡ್ಡಮಳೂರಿನ ಕಂಬ ಬೆನ್ನಿಗೆ ಒತ್ತಿದ ಹಾಗಾಯಿತು. ಅಲ್ಲಿ ಕಾದವಳಿಗೆ ನಾನು ಏನೂ ಕೊಡಲಿಲ್ಲ.

ಹಿಂದಕ್ಕೆ ತಿರುಗಿ ಮಂಕರಿಯವನನ್ನು ಕರೆದೆ.

“ಜ್ವರ ಹುಳಕ್ಕಲ್ಲ ಕಣಣ್ಣ. ಮನ್ಸರ್ಗೆ.”

ಅವನು ಮಂಕರಿ ಕೆಳಗಿಟ್ಟ. ಒಂದು ಕ್ಷಣ ಇದೂ ತಮಾಷೆಯೇ ಎಂದು ನನ್ನ ಮುಖ ನೋಡಿದ. ಆಮೇಲೆ ಮಕ್ಕಳಿಬ್ಬರನ್ನೂ ಎರಡು ಕಂಕುಳಲ್ಲಿ ಎತ್ತಿಕೊಂಡು ಹಿಂದೆ ಹಿಂದೆ ಸರಿದ. ಬೆನ್ನು ತಿರುಗಿಸಲಿಲ್ಲ. ಒಳಗಿನವಳು ಹೇಳಿದ್ದನ್ನು, ತೋಟದ ಮಾತನ್ನೂ ಮಕ್ಕಳ ಮಾತನ್ನೂ, ಅವನಿಗೆ ಕೂಗಿ ಹೇಳಿದೆ. ಸ್ವಲ್ಪ ಹೊತ್ತಿನಲ್ಲಿ ಬೀದಿಯ ಎರಡೂ ತುದಿಯಲ್ಲಿ ಜನ ಸೇರಿದರು. ಕೆಲವರ ಕೈಯಲ್ಲಿ ದೊಣ್ಣೆ ಇತ್ತು, ಒಬ್ಬಳ ಕೈಯಲ್ಲಿ ಒನಕೆ. ಯಾರೂ ಹತ್ತಿರ ಬರಲಿಲ್ಲ. ಶೆಡ್ಡಿಗೆ ಹಾಕಬೇಕು, ಅಮಲ್ದಾರರ ಕಚೇರಿಗೆ ಸುದ್ದಿ ಹೋಗಬೇಕು, ಮನೆಗೆ ಬೆಂಕಿ ಇಡಬೇಕು ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಈ ಪಟ್ಟಣದವನೇ ರೋಗ ತಂದದ್ದು ಎಂದೂ ಒಬ್ಬ ಅಂದ. ಎಲ್ಲರಿಗಿಂತ ಹೆಚ್ಚು ಕೋಪದಲ್ಲಿ ಇರಬೇಕಾದವನು ಮಂಕರಿಯವನು. ಮೂರು ದಿನ ಅವನ ಮಕ್ಕಳು ಆ ಬಾಗಿಲ ಮುಂದೆ ಆಡಿದ್ದವು. ಅವನು ಮುದುಕಿಗೆ ಬಾಯಿಗೆ ಬಂದಂತೆ ಬೈದ. ಬೈದು ಮುಗಿಸಿದ ಮೇಲೆ ಊರಿನವರ ಕಡೆ ತಿರುಗಿದ.

“ಶೆಡ್ಡು ಬ್ಯಾಡ,” ಎಂದ. “ಹೇಳವ್ಳೆ ಅಲ್ವಾ ಆಯಮ್ಮ, ಎದ್ರು ಮನೇಲಿ ಮಕ್ಳವೆ ಅಂತ. ತ್ವಾಟದಲ್ಲಿ ಇರ್ಲಿ.” ಆಮೇಲೆ ನನಗೆ, “ಬೇಲಿ ದಾಟಿ ಈಚೆ ಬಂದ್ರೆ ನಾನೇ ಕಲ್ಲು ಹೊಡೀತೀನಿ ಕಣ್ಲಾ. ನಿನ್ಗೂವೆ,” ಎಂದ.

ಸೊಸೆ ಮಲಗಿದ್ದ ಮಂಚವನ್ನೇ ಎತ್ತಿದೆವು, ತಲೆಯ ಕಡೆ ನಾನು, ಕಾಲಿನ ಕಡೆ ಮುದುಕಿ. ಜನ ಬೀದಿ ಬಿಟ್ಟು ಸಂದಿಗಳಿಗೆ ಸರಿದರು. ಮುದುಕಿ ಮೂರು ಸಲ ಮಂಚ ಇಳಿಸಿದಳು. ಮೂರನೆಯ ಸಲ ಇಳಿಸಿದಾಗ ಸೊಸೆಯ ಮುಖ ನೋಡಿದೆ. ಇಪ್ಪತ್ತರ ಒಳಗಿನ ಹುಡುಗಿ. ಕಣ್ಣು ಕೆಂಡದ ಹಾಗಿತ್ತು. ತೋಟದ ಮೂಲೆಯಲ್ಲಿ ಸೊಪ್ಪು ಕುಯ್ದು ಇಡುವ ತೆಂಗಿನ ಗರಿಯ ಜೋಪಡಿಯಿತ್ತು, ಅಲ್ಲಿ ಮಲಗಿಸಿದೆವು. ನಾನು ಇನ್ನೊಂದು ಸಲ ಹೋಗಿ ಎರಡು ತಟ್ಟೆ ಹುಳು ತಲೆಯ ಮೇಲಿಟ್ಟುಕೊಂಡು ತಂದೆ. ಮತ್ತೊಂದು ಸಲ ಹೋಗಲು ಬಿಡಲಿಲ್ಲ. ಉಳಿದ ಹುಳುಗಳು ಆ ಮನೆಯಲ್ಲೇ ಸತ್ತವು. ಮರುದಿನ ಊರಿನವರೆಲ್ಲ ಊರು ಬಿಟ್ಟು ಬಡಗಲ ಹೊಲಗಳಿಗೆ ಹೋದರು. ಊರಿನ ಬಾಯಿಗೆ ಮುಳ್ಳು ಎಳೆದದ್ದನ್ನು ನಾನು ಬೇಲಿಯ ಈಚೆಯಿಂದ ನೋಡಿದೆ. ಈ ಸಲ ಮುಳ್ಳಿನ ಒಳಗೆ ಇದ್ದವನು ನಾನು.

ಆ ತೋಟದಲ್ಲಿ ಇಪ್ಪತ್ತೈದು ದಿನ ಇದ್ದೆ. ಮೊದಲ ಆರು ದಿನ ಅವಳು ಬದುಕುತ್ತಾಳೆಂದು ನಾವಿಬ್ಬರೂ ತಿಳಿದಿರಲಿಲ್ಲ. ಪ್ರತಿ ಬೆಳಗ್ಗೆ ಎದ್ದ ಕೂಡಲೇ ಬೇಲಿಯ ಮರೆಗೆ ಹೋಗಿ ಕಂಕುಳು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಒಂದು ದಿನ ಬಲಗಡೆ ನೋವು ಕಂಡು, ಬೇಲಿ ಹಾರಿ ಓಡಲು ಕಾಲೆತ್ತಿದ್ದೆ. ಸೊಪ್ಪಿನ ಹೊರೆ ಹೊತ್ತ ನೋವು ಅದು. ಮಂಕರಿಯವನು ದಿನಕ್ಕೊಂದು ಸಲ ಬೇಲಿಯಾಚೆಯ ಗಡಿಕಲ್ಲಿನ ಮೇಲೆ ಮುದ್ದೆ, ಸಾರು ಇಟ್ಟು, ದೂರ ಹೋಗಿ ನಿಂತು ಕೂಗುತ್ತಿದ್ದ. ಇನ್ನೂ ಉಸಿರಾಡ್ತಾ ಇದೀರೇನ್ಲಾ ಎನ್ನುವುದು ಅವನ ಕೂಗು. ಉತ್ತರ ಬರುವವರೆಗೆ ಹೋಗುತ್ತಿರಲಿಲ್ಲ.

ಏಳನೆಯ ದಿನ ಗಡ್ಡೆ ಒಡೆಯಿತು. ಮುದುಕಿ ಬಿಸಿನೀರಿನಲ್ಲಿ ತೊಳೆದು ಬೇವಿನ ಸೊಪ್ಪು ಅರೆದು ಕಟ್ಟಿದಳು. ಅಂದು ಸಂಜೆ ಸೊಸೆ ಗಂಜಿ ಕೇಳಿದಳು. ಮುದುಕಿ ಗಂಜಿ ಕುಡಿಸಿ, ಹೊರಗೆ ಬಂದು, ನನ್ನ ಪಕ್ಕ ಕೂತು, ನೀನು ಅವತ್ತು ಹೇಳ್ದಂಗೇ ಎದ್ದದೆ ಕಣಪ್ಪ ಅದು ಎಂದಳು. ನಾನು ನಕ್ಕದ್ದನ್ನು ಅವಳು ಮರೆತಿರಲಿಲ್ಲ.

ಎರಡು ತಟ್ಟೆ ಹುಳುವಿಗೆ ನಾನೇ ಸೊಪ್ಪು ಹಾಕಿದೆ. ನಾಲ್ಕನೇ ಜ್ವರಕ್ಕೆ ಕೂತವು, ಎದ್ದವು. ಬೇಲಿಯ ಕಡ್ಡಿಗಳ ನಡುವೆ ಬಿಟ್ಟೆ, ಗೂಡು ಕಟ್ಟಿದವು. ನಮ್ಮ ಮನೆಯಲ್ಲಿ ಗೂಡು ಎಂದರೆ ಎಂಟು ದಿನದೊಳಗೆ ಬಿಸಿ ಹಾಯಿಸಿ ಒಳಗಿನ ಹುಳು ಕೊಂದು ನೂಲಿಗೆ ಕಳಿಸಬೇಕು. ಪತಂಗ ಹೊರಬಂದು ತೂತಾದ ಗೂಡಿಗೆ ನೂಲು ಬಿಚ್ಚುವುದಿಲ್ಲ. ಅಂಥ ಗೂಡು ಒಂದು ಸಿಕ್ಕಿದರೂ ಅಪ್ಪ ಮುಖ ಕಿವುಚುತ್ತಿದ್ದರು. ಆದರೆ ಪ್ಲೇಗಿನ ತೋಟದ ಗೂಡು ಕೊಳ್ಳುವವರು ಯಾರು? ನನ್ನ ಅಪ್ಪನೂ ಕೊಳ್ಳುತ್ತಿರಲಿಲ್ಲ. ಹಾಗೇ ಬಿಟ್ಟೆವು. ಒಂದು ಬೆಳಗ್ಗೆ, ಕಂಕುಳು ಮುಟ್ಟಿಕೊಳ್ಳಲು ಬೇಲಿಯ ಕಡೆ ಹೋದವನು ಅಲ್ಲೇ ನಿಂತೆ. ಗೂಡುಗಳ ತುದಿ ನೆನೆದು, ಒಡೆದು, ಬಿಳಿಯ ಪತಂಗಗಳು ಹೊರಗೆ ಬರುತ್ತಿದ್ದವು. ಒದ್ದೆ ರೆಕ್ಕೆ ನಡುಗಿಸುತ್ತಿದ್ದವು. ಹಾರಲು ಬರುವುದಿಲ್ಲ ಅವಕ್ಕೆ. ಇಪ್ಪತ್ತೆರಡು ವರ್ಷ ರೇಷ್ಮೆಯ ಮನೆಯಲ್ಲಿ ಬೆಳೆದ ನಾನು ಅದನ್ನು ಕಂಡದ್ದು ಆವತ್ತೇ ಮೊದಲು. ಸೊಸೆ ತಡಿಕೆ ಹಿಡಿದು ಜೋಪಡಿಯ ಬಾಗಿಲವರೆಗೆ ನಡೆದು ಬಂದಳು. ಮುದುಕಿ ಹಳೆಯ ಬಟ್ಟೆ ಹಾಸಿದಳು. ಪತಂಗಗಳು ಅದರ ಮೇಲೆ ಮೊಟ್ಟೆ ಇಟ್ಟವು. ನಾವು ಮೂವರೂ ಮಧ್ಯಾಹ್ನದವರೆಗೆ ನೋಡುತ್ತ ಕೂತಿದ್ದೆವು. ಆ ಬೆಳಗ್ಗೆ ಕಂಕುಳು ಮುಟ್ಟಿ ನೋಡಿಕೊಳ್ಳಲು ಮರೆತೆನೆಂದು ಸಂಜೆ ನೆನಪಾಯಿತು.

ಆಮೇಲೆ ನಾನು ಅಪ್ಪನ ವ್ಯಾಪಾರಕ್ಕೆ ಹಿಂತಿರುಗಲಿಲ್ಲ. ಬಿತ್ತನೆ ಗೂಡು ಹೊರುವವನಾದೆ. ಮಾಗಡಿ ಕಡೆ ಮೊಟ್ಟೆಗಾಗಿ ಬೆಳೆಸುವ ಗೂಡನ್ನು ಬುಟ್ಟಿಯಲ್ಲಿ ಸಡಿಲವಾಗಿ ತುಂಬಿ, ಬಿಸಿಲು ಏರುವ ಮುಂಚೆ ನಡೆದು, ರಾಮನಗರ, ಚನ್ನಪಟ್ಟಣ, ಕನಕಪುರದ ಸಾಕುವವರ ಮನೆಗೆ ಮುಟ್ಟಿಸುವುದು. ಒಳಗಿನ ಜೀವ ಸಾಯದ ಹಾಗೆ ನಡೆಯಬೇಕು, ಬುಟ್ಟಿ ಕುಲುಕಬಾರದು. ಹೊಟ್ಟೆ ಬಟ್ಟೆಗೆ ಸಾಕಾಗುವಷ್ಟು ಬರುತ್ತಿತ್ತು. ಅಪ್ಪ ಎರಡು ವರ್ಷ ನನ್ನನ್ನು ಮಾತಾಡಿಸಲಿಲ್ಲ. ಧೈರ್ಯ ಬಂತೆಂದು ಯಾರೂ ತಿಳಿಯಬಾರದು. ಯಾವ ಮನೆಯ ಬಾಗಿಲಲ್ಲಿ ಜ್ವರ ಎಂದರೂ ನನ್ನ ಪಾದ ಇಂದಿಗೂ ಮೊದಲು ದಾರಿಯ ಕಡೆ ತಿರುಗುತ್ತದೆ. ಆಮೇಲೆ ಕೇಳುತ್ತೇನೆ, “ಹುಳಕ್ಕಾ, ಮನ್ಸರ್ಗಾ?” ಹಾಗೆ ಕೇಳಿ ಕೇಳಿ ಅದೇ ನನ್ನ ಅಡ್ಡಹೆಸರಾಯಿತು. ಹುಳಕ್ಕಾ ಮನ್ಸರ್ಗಾ ಬಂದ ಎಂದು ಮಕ್ಕಳು ಊರ ಬಾಯಲ್ಲೇ ಕೂಗುತ್ತಿದ್ದವು. ಮನುಷ್ಯರಿಗೆ ಎಂದ ಮನೆಗಳಲ್ಲಿ ಬುಟ್ಟಿ ಇಳಿಸಿ, ನೀರು ತಂದುಕೊಟ್ಟು, ಎದುರು ಮನೆಗೆ ಹೇಳಿ ಹೋಗಿದ್ದೇನೆ. ಎಲ್ಲ ಮನೆಗಳಲ್ಲೂ ಎದ್ದರೆಂದು ಹೇಳಲಾರೆ.

ಕಲ್ಯಕ್ಕೆ ನಾನು ಹೋದದ್ದು ನಾಲ್ಕು ವರ್ಷದ ಮೇಲೆ, ಬುಟ್ಟಿ ಹೊತ್ತುಕೊಂಡೇ. ಅದು ಮಾವನ ಮಗಳ ಮನೆಯೆಂದು ಗೊತ್ತಿತ್ತು. ಅವಳೇ ಬಾಗಿಲಿಗೆ ಬಂದು, ಮಗುವನ್ನು ಸೊಂಟದಲ್ಲಿ ಸರಿಮಾಡಿಕೊಂಡು, ಒಳಗೆ ಜ್ವರ, ಬರಬೇಡ ಎಂದಳು. ಹುಳಕ್ಕಾ ಮನುಷ್ಯರಿಗಾ ಎಂದು ಕೇಳಿದೆ.

“ಹುಳಕ್ಕೆ ಕಣೋ ಬಾವ,” ಎಂದಳು. ಆಮೇಲೆ, “ಈಗ ಬಾಯಿ ಬಂದದೆ ನಿಂಗೆ,” ಎಂದು ನಕ್ಕು ನೀರು ತಂದುಕೊಟ್ಟಳು. ನಾನು ಜಗುಲಿಯಲ್ಲಿ ಕೂತು ಕುಡಿದು ಎದ್ದು ಬಂದೆ.

ಮರಳವಾಡಿ ಹತ್ತಿರದ ಆ ಮಂಗಳವಾರವನ್ನು ಕಂಡವರಲ್ಲಿ ಮುದುಕಿ ತೀರಿಕೊಂಡು ಬಹಳ ಕಾಲವಾಯಿತು. ಆಕೆಯ ಸಾವು ವಯಸ್ಸಿನಿಂದ, ತನ್ನ ಮನೆಯಲ್ಲಿ. ದೊಣ್ಣೆ ಹಿಡಿದು ನಿಂತವರಲ್ಲಿ ಯಾರೂ ಉಳಿದಿಲ್ಲ. ಮಂಕರಿ ಹೆಣೆಯುತ್ತಿದ್ದವನು ಇದ್ದಾನೆ. ಕಣ್ಣು ಮಂಜಾಗಿದೆ. ನನ್ನ ಹೆಜ್ಜೆ ಕೇಳಿದರೆ ಇನ್ನೂ ಉಸಿರಾಡ್ತಾ ಇದೀಯೇನ್ಲಾ ಎನ್ನುತ್ತಾನೆ. ಅವನ ಕಂಕುಳಲ್ಲಿದ್ದ ಇಬ್ಬರು ಮಕ್ಕಳೂ ಇದ್ದಾರೆ, ಅವರಿಗೆ ನೆನಪಿಲ್ಲ. ಮಂಚದ ಮೇಲೆ ಇದ್ದವಳು ಇದ್ದಾಳೆ. ಅದೇ ಹಳ್ಳಿ, ಬಾವಿಯಿಂದ ಮೂರನೆಯ ಮನೆ. ಕಾಲು ಸ್ವಲ್ಪ ಎಳೆಯುತ್ತಾಳೆ. ನಾನು ಬರೆದದ್ದರಲ್ಲಿ ಸುಳ್ಳಿದ್ದರೆ ಅವಳನ್ನು ಕೇಳಬಹುದು. ನಾನು ಓಡಿದ್ದನ್ನು ಅವಳು ಕಣ್ಣಾರೆ ಕಾಣಲಿಲ್ಲ, ಆದರೆ ಹೆಜ್ಜೆಯ ಸದ್ದು ದೂರವಾದದ್ದನ್ನೂ, ಮತ್ತೆ ಹತ್ತಿರವಾದದ್ದನ್ನೂ ಮಲಗಿದಲ್ಲಿಂದ ಕೇಳಿದ್ದಳಂತೆ.